ನೀರಿನಿಂದ 50 ಮೀಟರ್ ದೂರ

ಇಂದು ಸಂಜೆ ಸರಸ್ವತಿಪುರಂನ ಗೆಳೆಯರ ಮನೆಯಲ್ಲಿ ಆಸ್ಟ್ರೇಲಿಯಾದ ನಕ್ಷೆಯನ್ನು ಹರಡಿಕೊಂಡು ಕುಳಿತಿದ್ದೆವು.

ಕ್ವೀನ್ಸ್‌ಲ್ಯಾಂಡಿನ ಕೇಪ್ ಟ್ರಿಬ್ಯುಲೇಷನ್‌ನಿಂದ ವುಜಲ್ ವುಜಲ್‌ವರೆಗೆ ಮಳೆಕಾಡು ಮತ್ತು ಕಡಲಿನ ನಡುವೆ ಸುಮಾರು 30 ಕಿ.ಮೀ. ಸಾಗುವ ಬ್ಲೂಮ್‌ಫೀಲ್ಡ್ ಹಾದಿಯ ಆಸುಪಾಸಿನಲ್ಲಿ, ಅವರ ಮಗಳಿಗೆ ಡೇರೆ ಹಾಕಲು ಜಾಗ ಬೇಕಿತ್ತು. "ಮಾಮ, ಮರಳಿನ ಮೇಲೆಯೇ ಹಾಕಿದರೆ ಅಲೆಗಳ ಸದ್ದು ಕೇಳುತ್ತದಲ್ಲವೇ?" ಎಂದಳು.

ಅಲ್ಲಿ ಜಾಗವನ್ನು ಆರಿಸುವುದು ನೋಟವಲ್ಲ, ಮೊಸಳೆ. ಉಪ್ಪುನೀರಿನ ಮೊಸಳೆಗಳು ನದೀಮುಖದಲ್ಲಿ ಮಾತ್ರವಲ್ಲದೆ ಕಡಲತೀರದಲ್ಲಿಯೂ ಓಡಾಡುವುದರಿಂದ, ಡೇರೆಯು ನೀರಿನಂಚಿನಿಂದ ಕನಿಷ್ಠ 50 ಮೀಟರ್ ದೂರದಲ್ಲಿಯೂ ಉಬ್ಬರದ ಗೆರೆಗಿಂತ 2 ಮೀಟರ್ ಎತ್ತರದಲ್ಲಿಯೂ ಇರಬೇಕೆಂಬುದು ಅಲ್ಲಿನ ಸರ್ಕಾರದ ಸಲಹೆ. ಮೀನು ಶುಚಿ ಮಾಡಿದ ಕಸವನ್ನು ಡೇರೆಯ ಬಳಿ ಬಿಡಲೇಬಾರದು.

ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ಬಂಡೆಯ ಮೇಲೆ ಮಲಗಿದ ಮೊಸಳೆಯ ಫೋಟೊ ತೆಗೆಯುವ ನಮಗೆ, ಅದೇ ಪ್ರಾಣಿಯ ಕಾರಣದಿಂದ ಮಲಗುವ ಸ್ಥಳವನ್ನು ಅಳೆದು ಗೊತ್ತುಪಡಿಸಬೇಕೆಂಬುದು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. (ನಮ್ಮಲ್ಲಿರುವುದು ಸಿಹಿನೀರಿನ ಮಗ್ಗರ್, ಅದೂ ಸಾಧುವೇನಲ್ಲ.)

ಹಾದಿಯಲ್ಲಿ ಸಿಗುವ ಡೊನೊವನ್ ಮತ್ತು ಕೌವಿ ಬೆಟ್ಟಶ್ರೇಣಿಗಳ ಏರು ಬಹಳ ಕಡಿದಾಗಿರುವುದರಿಂದ ಕ್ಯಾರವಾನ್ ಎಳೆದೊಯ್ಯುವ ಯೋಚನೆಯನ್ನು ಬೇಗನೆ ಕೈಬಿಟ್ಟೆವು. ರಾಷ್ಟ್ರೀಯ ಉದ್ಯಾನದೊಳಗೆ ಮುಂಗಡ ಪರವಾನಗಿ ಇಲ್ಲದೆ ತಂಗುವಂತಿಲ್ಲ. ಎಮ್ಮಜೆನ್‌ನಂತಹ ತೊರೆಗಳನ್ನು ಸೇತುವೆಯಿಲ್ಲದೆಯೇ ದಾಟಬೇಕಾದ್ದರಿಂದ, ಮಳೆಗಾಲದಲ್ಲಿ ಹಾದಿಯೇ ಮುಚ್ಚಿಹೋಗಬಹುದು. ಆದ್ದರಿಂದ ಜಾಗಕ್ಕಿಂತ ಮೊದಲು ತಿಂಗಳು ನಿಶ್ಚಯವಾಯಿತು: ನಮ್ಮಲ್ಲಿ ಮಳೆಗಾಲವಾದರೂ ಅಲ್ಲಿ ಒಣಹವೆಯಿರುವ ಜುಲೈ.