ಕೆಂಪಿ, ಅಪ್ಪ ಮತ್ತು ಒಂದು ಮೊಳ ರಬ್ಬರ್ ಪೈಪು

ಶನಿವಾರ, 14 ಸೆಪ್ಟೆಂಬರ್ 2024
ಡಿಡ್‌ಕಾಟ್, ಇಂಗ್ಲೆಂಡ್, ರಾತ್ರಿ 11.20

ಕೈ ಎಷ್ಟು ತೊಳೆದರೂ ಪೆಟ್ರೋಲ್ ವಾಸನೆ ಹೋಗುತ್ತಿಲ್ಲ. ಹೆಂಡತಿ ಪಾತ್ರೆ ಸೋಪಿಗೆ ಒಂದು ಚಮಚ ಸಕ್ಕರೆ ಬೆರೆಸಿ ಕೊಟ್ಟಳು. ಉಗುರಿನ ಸಂದಿಯ ಗ್ರೀಸೆಲ್ಲ ಹೋಯಿತು, ವಾಸನೆ ಮಾತ್ರ ಹಾಗೇ ಇದೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ನನಗೆ ನಿದ್ದೆ ಹತ್ತುವ ಹಾಗೆ ಕಾಣುವುದಿಲ್ಲ.

ಕೆಂಪಿಗೆ, ಅಂದರೆ ನನ್ನ ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ, ಎರಡು ವಾರದಿಂದ ಹುಷಾರಿರಲಿಲ್ಲ. ರೋಡಿನಲ್ಲಿ ಓಡುವಾಗ ಏನೂ ಇಲ್ಲ, ಸಿಗ್ನಲ್ಲಿನಲ್ಲಿ ನಿಂತರೆ ಕುಂಟಲು ಶುರು, ಮತ್ತೆ ಹೊರಡುವಾಗ ಮುಗ್ಗರಿಸುವುದು. ಹೋದ ಭಾನುವಾರ ವಾಲಿಂಗ್‌ಫರ್ಡ್ ಹತ್ತಿರ ನಿಂತೇ ಹೋದಳು. ವಾರವೆಲ್ಲ ಕೆಲಸದಿಂದ ಬಂದ ಮೇಲೆ ಒಂದೊಂದೇ ನೋಡಿದೆ. ಕಿಡಿಯ ಸಮಯ ನೋಡಿಕೊಳ್ಳುವ ಕಾಂಟ್ಯಾಕ್ಟ್ ಪಾಯಿಂಟ್ ಅಂತರ ಇಂಚಿನ ಸಾವಿರದಲ್ಲಿ 15, ಸರಿ ಇತ್ತು. ಪ್ಲಗ್ಗಿನದು 25, ಅದೂ ಸರಿ. ಬುಧವಾರ ಇಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್ ಕವರ್ ಬಿಚ್ಚಿ ಎಂಟೂ ವಾಲ್ವುಗಳನ್ನು 15ಕ್ಕೆ ಕೂರಿಸಿದೆ. ಆದರೂ ಅದೇ ಕುಂಟು. ಉಳಿದದ್ದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ಗಳು ಮಾತ್ರ. ಅವನ್ನು ಮುಟ್ಟಲು ನನಗೆ ಯಾವಾಗಲೂ ಸ್ವಲ್ಪ ಭಯ. ಬೆಳಿಗ್ಗೆ ಅವುಗಳ ಪೆಟ್ರೋಲ್ ಬಟ್ಟಲು, ಫ್ಲೋಟ್ ಚೇಂಬರ್ ಎರಡನ್ನೂ ತೊಳೆದಿಟ್ಟೆ, ಈ ವಾಸನೆ ಅಲ್ಲಿಂದ ಬಂದದ್ದು.

ಅಪ್ಪ ಅಮ್ಮ ಬಂದು ಹತ್ತು ವಾರವಾಯಿತು. ಇಷ್ಟು ದಿನದಲ್ಲಿ ಅಪ್ಪ ಒಂದು ಸಲವೂ ಗ್ಯಾರೇಜಿನೊಳಗೆ ಕಾಲಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು, ಬೇಲೂರು ಹಳೇಬೀಡಿಗೆ ಎಷ್ಟು ಸಾವಿರ ಸಲ ಹೋಗಿ ಬಂದಿದ್ದಾರೋ. ನನ್ನ ಕಾರು ನೋಡಿದರೆ ಖುಷಿಪಡುತ್ತಾರೆ ಅಂತ ಮೂರು ವರ್ಷದಿಂದ ಕಾದಿದ್ದೆ. ಬಟ್ಟೆಯ ಹುಡ್ ತೆಗೆದು ಪಕ್ಕದಲ್ಲಿ ಕೂರಿಸಿಕೊಂಡು ಅಫಿಂಗ್ಟನ್ ಗುಡ್ಡದ ಬಿಳಿಕುದುರೆ ತೋರಿಸಿದೆ, ಅಬಿಂಗ್ಡನ್‌ಗೆ ಎರಡು ಸಲ ಕರೆದುಕೊಂಡು ಹೋದೆ. ಕೆಂಪಿ ಹುಟ್ಟಿದ್ದು ಇಲ್ಲೇ ಅಪ್ಪ, 1962ರಿಂದ 1980ರ ಅಕ್ಟೋಬರ್‌ವರೆಗೆ ಎಂಜಿಬಿಗಳನ್ನು ಜೋಡಿಸಿದ್ದು ಈ ಊರಲ್ಲೇ, ಇವಳದು 1969 ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಅವರು ಎದುರಿನ ರಸ್ತೆ ನೋಡುತ್ತಾ "ಹ್ಞೂಂ" ಅಂದರು, ಅಷ್ಟೇ. ಬೇಜಾರಾಗಿತ್ತು, ಹೆಂಡತಿಯ ಹತ್ತಿರ ಹೇಳಿಕೊಂಡೂ ಇದ್ದೆ.

ಇವತ್ತು ಸಂಜೆ ನಾಲ್ಕರ ಹೊತ್ತಿಗೆ ಮಳೆ ನಿಂತಿತು. ಬಾನೆಟ್ ಎತ್ತಿ, ಏರ್ ಫಿಲ್ಟರ್ ಎರಡನ್ನೂ ಬಿಚ್ಚಿ, ಇಂಜಿನ್ ಬಿಸಿಯಾಗಲಿ ಅಂತ ಬಿಟ್ಟಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ಮಂಕಿ ಟೋಪಿ, ಸ್ವೆಟರ್, ಕೈಯಲ್ಲಿ ಕಾಫಿ ಲೋಟ. ಅಪ್ಪ ಲೋಟವನ್ನು ಕಿಟಕಿಕಟ್ಟೆಯ ಮೇಲಿಟ್ಟು ಬಗ್ಗಿ ನೋಡಿದರು. ಪ್ಲಗ್ಗಿನ ಸಾಲು, ಡಿಸ್ಟ್ರಿಬ್ಯೂಟರ್, ಕವರಿನ ಮೇಲಿನ ಎರಡು ನಟ್ಟು.

"ಇದು ನಮ್ಮ ಗಾಡಿ ಇಂಜಿನ್ನಲ್ವೇನೋ?"

ಅದೇ. ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಇಂಜಿನ್ನೂ ಇವಳ 1798 ಸಿಸಿಯೂ ಒಂದೇ ವಂಶ, ಬಿ ಸೀರೀಸ್. ಅಕ್ಕ ತಂಗಿಯರು. ಈ ಮಾತನ್ನೇ ಎರಡು ತಿಂಗಳಿಂದ ಕಾರಿನಲ್ಲಿ ಕೂತು ಹೇಳುತ್ತಾ ಬಂದಿದ್ದೇನೆ, ಇವತ್ತು ಮೊದಲ ಸಲ ಕಂಡುಹಿಡಿದವರ ಹಾಗೆ ಅವರು ಕೇಳಿದರು. ನನಗಾಗಲೇ ಹೊಳೆಯಬೇಕಿತ್ತು.

"ಹಂಗಾದ್ರೆ ಕಾರ್ಬೊರೇಟರ್ ಎರಡು ಯಾಕೆ?"

"ಸ್ಪೋರ್ಟ್ಸ್ ಕಾರಲ್ವಾ ಅಪ್ಪ. ಎರಡೂ ಒಂದೇ ಸಮ ಗಾಳಿ ಎಳೀಬೇಕು. ಒಂದು ಜಾಸ್ತಿ ಎಳೆದು ಇನ್ನೊಂದು ಕಡಿಮೆ ಎಳೆದ್ರೆ ಹಿಂಗೆ ಕುಂಟುತ್ತೆ."

"ಜೋಡೆತ್ತು ಅನ್ನು."

ಮುಂದಿನ ಕಾರ್ಬೊರೇಟರ್‌ನ ಮೇಲಿನ ಮುಚ್ಚಳವನ್ನು ಎರಡು ಬೆರಳಲ್ಲಿ ತಿರುಗಿಸಿ ಒಳಗಿನ ಕಡ್ಡಿ ಸಮೇತ ಎಳೆದರು. ಕಡ್ಡಿಯ ತುದಿ ಒಣಗಿತ್ತು. "ಎಣ್ಣೆಯೇ ಇಲ್ಲ. ಗೇಜು ಹಿಡ್ಕೊಂಡು ಎಲ್ಲಾ ಅಳೆದಿದ್ದೀಯ, ಇದನ್ನ ನೋಡಿಲ್ಲ." ನೋಡಿರಲಿಲ್ಲ, ನಿಜ. ಆಕ್ಸಿಲೇಟರ್ ಒತ್ತಿದಾಗ ಒಳಗಿನ ಪಿಸ್ಟನ್ ಗಬಕ್ಕನೆ ಮೇಲೆ ಹಾರದಂತೆ ತಡೆಯುವುದು ಆ ಎಣ್ಣೆ. ಪಿಕಪ್ಪಿನಲ್ಲಿ ಮುಗ್ಗರಿಸುತ್ತಿದ್ದದ್ದಕ್ಕೆ ಕಾರಣ ಸಿಕ್ಕಿತು. 20ರ ಗ್ರೇಡಿನ ಎಣ್ಣೆ ತಂದು ಹಾಕಿದೆ. ಅಪ್ಪ ಬಟ್ಟೆಯಲ್ಲಿ ಮುಚ್ಚಳ ಒರೆಸಿ ಕೂರಿಸಿದರು. ಶಿರಾಡಿ ಘಾಟಿ ಹತ್ತುವಾಗ ಪೆಟ್ರೋಲ್ ಕಾದು ಆವಿಯಾಗಿ ಗಾಡಿ ನಿಂತದ್ದು, ಹಳ್ಳಕ್ಕಿಳಿದು ಪಂಚೆ ನೆನೆಸಿ ತಂದು ಪೆಟ್ರೋಲ್ ಪಂಪಿನ ಮೇಲೆ ಹಾಕಿದ್ದು, ಗಾಡಿಯಲ್ಲಿ ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದ ಮದುವೆ ಹೆಣ್ಣು ಇದ್ದದ್ದು, ಎಲ್ಲಾ ಹೇಳಿದರು. ಹತ್ತು ವಾರದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು. ಅವರ ಕೈ ಮಾತಿಗಿಂತ ಮುಂದೆ ಹೋಗುತ್ತಿತ್ತು. ಅರ್ಧ ಇಂಚಿನ ಪಾನಾ ಕೊಡು ಅಂದರು. ನನ್ನ ಡಬ್ಬದಲ್ಲಿದ್ದ 13 ಮಿಲಿಮೀಟರ್‌ನದನ್ನು ಒಮ್ಮೆ ನಟ್ಟಿನ ಮೇಲಿಟ್ಟು, ಅಲ್ಲಾಡಿಸಿ, ವಾಪಸ್ ಕೊಟ್ಟರು. "ಇದರಲ್ಲಿ ತಿರುಗಿಸಿದ್ರೆ ಮೂಲೆ ಸವೆದು ಹೋಗುತ್ತೆ."

ಆಮೇಲೆ ಪೈಪು.

ಎರಡು ಕಾರ್ಬೊರೇಟರ್ ಸಮ ಮಾಡಲು ಈಗ ಮೀಟರ್ ಸಿಗುತ್ತದೆ. ನಾನು ಕಲಿತದ್ದು ಹಳೇ ವಿಧಾನ. ಒಂದು ಮೊಳ ರಬ್ಬರ್ ಪೈಪು, ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಕಾರ್ಬೊರೇಟರ್‌ನ ಬಾಯಲ್ಲಿ. ಗಾಳಿ ಎಳೆಯುವ ಸದ್ದು ಬುಸ್ಸೆಂದು ಕೇಳುತ್ತದೆ. ಎರಡನ್ನೂ ಜೋಡಿಸುವ ಕ್ಲಾಂಪ್ ಸಡಿಲ ಮಾಡಿ, ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾ ಎರಡೂ ಕಡೆ ಒಂದೇ ಸದ್ದು ಬರುವವರೆಗೆ ಕೇಳಬೇಕು. ಅಂಬಾಸಿಡರ್‌ನಲ್ಲಿ ಒಂದೇ ಕಾರ್ಬೊರೇಟರ್, ಹಾಗಾಗಿ ಅಪ್ಪನಿಗೆ ಇದು ಹೊಸದು. ನೀವೇ ಕೇಳಿ ಅಪ್ಪ ಅಂತ ಪೈಪು ಕೊಟ್ಟೆ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಒಳಗೆ ಓಡಿಹೋಗಿ ಪುಟ್ಟಿಯನ್ನು ಕರೆದುಕೊಂಡು ಬರೋಣ ಅನ್ನಿಸಿತ್ತು.

ಟೋಪಿ ಸರಿಸಿ ಬಲಗಿವಿಗೆ ಇಟ್ಟುಕೊಂಡರು. ಮುಂದಿನದಕ್ಕೆ ಹಿಡಿದರು, ಹಿಂದಿನದಕ್ಕೆ ಹಿಡಿದರು.

"ಎರಡೂ ಒಂದೇ ಇದೆ."

ಇರಲಿಲ್ಲ. ಹಿಂದಿನದು ಜೋರಾಗಿ ಎಳೆಯುತ್ತಿದ್ದುದನ್ನು ನಾನು ಆಗಲೇ ಕೇಳಿದ್ದೆ. ಹೊಸದಲ್ವಾ, ಗೊತ್ತಾಗಲಿಲ್ಲವೇನೋ ಅಂದುಕೊಂಡು ಹಿಂದಿನ ಸ್ಕ್ರೂ ಇನ್ನೂ ಮುಕ್ಕಾಲು ಸುತ್ತು ಒಳಗೆ ತಿರುಗಿಸಿದೆ. "ಈಗ?" ಅಪ್ಪ ಪೈಪು ಹಿಡಿದೇ ಇದ್ದರು. ಕಾರ್ಬೊರೇಟರ್ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನನ್ನ ಮುಖದಲ್ಲಿ ಉತ್ತರ ಹುಡುಕುತ್ತಿದ್ದರು. ಆಮೇಲೆ ನಿಧಾನವಾಗಿ ಪೈಪನ್ನು ಎಡಗಿವಿಗೆ ತಂದರು. ತಂದ ತಕ್ಷಣ ಹುಬ್ಬು ಮೇಲೆ ಹೋಯಿತು.

ನಾನು ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದೆ.

"ಯಾವಾಗಿಂದ ಅಪ್ಪ?"

"ಮೂರ್ನಾಲ್ಕು ವರ್ಷ ಆಯ್ತು ಕಣೋ. ಕಿಟಕಿ ಕಡೆ ಕಿವಿ ಅದು. ಎಷ್ಟು ಲಾರಿ ಹಾರ್ನು ಕುಡಿದಿದೆ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಮಷೀನು ಹಾಕ್ಕೊಳ್ಳಿ ಅಂದ್ರು." ಪೈಪನ್ನು ಸುತ್ತಿ ಸುತ್ತಿ ಚಿಕ್ಕದು ಮಾಡಿದರು. "ನಿಮ್ಮಮ್ಮಂಗೆ ಹೇಳ್ಬೇಡ. ಟಿವಿ ಸೌಂಡು ಜಾಸ್ತಿ ಇಡ್ತೀನಿ ಅಂತ ಬೈಕೊಂಡು ಆರಾಮಾಗಿದ್ದಾಳೆ. ಗೊತ್ತಾದ್ರೆ ಹೆದರ್ಕೋತಾಳೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಅಂದರು, "ಹಾಕು ಗಾಡಿ, ಬೆಳಕಿರೋವಾಗಲೇ ಮುಗಿಸೋಣ."

ಎಡಗಿವಿಯಲ್ಲಿ ಕೇಳುತ್ತಾ ಹತ್ತೇ ನಿಮಿಷದಲ್ಲಿ ಎರಡನ್ನೂ ಸಮ ಮಾಡಿದರು. ಪೆಟ್ರೋಲ್ ಮಿಶ್ರಣ ನೋಡುವಾಗ ನಾನು ಹೇಳಿಕೊಡುವುದು ಏನೂ ಇರಲಿಲ್ಲ. ಕಾರ್ಬೊರೇಟರ್‌ನ ಅಡಿಯಲ್ಲಿ ಪಿಸ್ಟನ್ ಎತ್ತಲು ಒಂದು ಸಣ್ಣ ಪಿನ್ ಇದೆ, ಅದನ್ನು ನೋಡದೆಯೇ ತೋರುಬೆರಳಲ್ಲಿ ಹುಡುಕಿ ಕೂದಲೆಳೆಯಷ್ಟು ಎತ್ತಿದರು. ಇಂಜಿನ್ ಸದ್ದು ಏರಿ ಹಾಗೇ ನಿಂತಿತು. "ಪೆಟ್ರೋಲ್ ಜಾಸ್ತಿ ಕುಡೀತಿದೆ." ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಕೆಳಗಿನ ಜೆಟ್ ನಟ್ಟನ್ನು ಒಂದು ಮೂಲೆಯಷ್ಟು ಮೇಲಕ್ಕೆ ತಿರುಗಿಸಿದರು, ಮತ್ತೆ ಎತ್ತಿ ನೋಡಿದರು, ಇನ್ನೊಂದು ಮೂಲೆ. ಮೂರನೇ ಸಲ ಸದ್ದು ಚೂರು ಏರಿ ತಾನಾಗಿ ಕೆಳಗಿಳಿಯಿತು. ಈಗ ನಿಮಿಷಕ್ಕೆ 800 ಸುತ್ತಿನಲ್ಲಿ ಕೆಂಪಿ ಮೆಲುಕು ಹಾಕುವ ಹಸುವಿನ ಹಾಗೆ ನಿಂತಿದ್ದಾಳೆ.

ಎಡಗಡೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಅಂದರೆ ಸಿಲ್ಲಿನಲ್ಲಿ, ತುಕ್ಕು ಬಂದಿದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ. ಈ ಕಾರಿಗೆ ಬೇರೆ ಚಾಸಿಯಿಲ್ಲ, ಸಿಲ್ಲೇ ಬೆನ್ನುಮೂಳೆ. ಚಳಿಗಾಲಕ್ಕೆ ಮುಂಚೆ ಕೊಯ್ದು ವೆಲ್ಡಿಂಗ್ ಮಾಡಿಸಲೇಬೇಕು, ದುಡ್ಡು ಎಲ್ಲಿಂದಲೋ ಗೊತ್ತಿಲ್ಲ. ಅದನ್ನು ಯೋಚಿಸೋಣ ಅಂತ ಕೂತರೆ ತಲೆ ಅಲ್ಲಿಗೆ ಹೋಗುವುದೇ ಇಲ್ಲ.

ಊರಲ್ಲಿ ವಾಕಿಂಗ್ ಹೋಗುವಾಗ ಅಪ್ಪ ಯಾವಾಗಲೂ ನನ್ನ ಬಲಕ್ಕೆ ಬರುತ್ತಿದ್ದರು. ನಾನು ಕಡೆ ಬದಲಿಸಿದರೆ ಸುತ್ತಿ ಬಂದು ಮತ್ತೆ ಬಲಕ್ಕೇ. ಫೋನು ಎಡಗಿವಿಗೆ. ಲೈನ್ ಸರಿಯಿಲ್ಲ ಅಂತ ಅಮ್ಮನಿಗೆ ಕೊಟ್ಟುಬಿಡುತ್ತಿದ್ದುದು. ಮತ್ತೆ ಕಾರಿನಲ್ಲಿ, ನಾನು ಬಲಕ್ಕೆ ಸ್ಟೇರಿಂಗ್ ಹಿಡಿದು ಕೂತಾಗ, ಪಕ್ಕದಲ್ಲಿ ಅಪ್ಪ, ನನ್ನ ಕಡೆಗಿದ್ದದ್ದು ಅವರ ಬಲಗಿವಿ. ಅಬಿಂಗ್ಡನ್‌ವರೆಗೆ ಹೋಗಿ ಬರುವಷ್ಟೂ ಹೊತ್ತು ಒಂದು ಮಾತೂ ಅವರನ್ನು ಮುಟ್ಟಿರಲಿಲ್ಲ. ನಾನು ನಕ್ಕಾಗ ನಕ್ಕಿದ್ದಾರೆ, ನಾನು ಸುಮ್ಮನಾದಾಗ "ಹ್ಞೂಂ" ಅಂದಿದ್ದಾರೆ. ಅದಕ್ಕೆ ನಾನು ಬೇಜಾರು ಮಾಡಿಕೊಂಡು...

ನಾಳೆ ಬಿಸಿಲಿದೆಯಂತೆ. ಕೆಂಪಿಯನ್ನು ಓಡಿಸಿ ನೋಡಬೇಕು, ಅಪ್ಪನೂ ಬರ್ತೀನಿ ಅಂದಿದ್ದಾರೆ. ಹುಡ್ ಮುಚ್ಚಿಕೊಂಡೇ ಹೋಗೋಣ, ಗಾಳಿಯಾದರೂ ಇರುವುದಿಲ್ಲ. ಆದರೂ ಅದೇ ಕಿವಿ.

ಮೂರು ವರ್ಷದ ಹಿಂದೆ ಕೆಂಪಿಗೆ ಮೊದಲು ಇನ್ನೊಂದು ಕಾರು ನೋಡಿದ್ದೆ. ಎಂಜಿಬಿಗಳಲ್ಲಿ ಹೆಚ್ಚಿನವು ಅಮೆರಿಕಕ್ಕೇ ಹೋದವು, ಅದೂ ಕ್ಯಾಲಿಫೋರ್ನಿಯಾದಲ್ಲಿ ಇದ್ದು ವಾಪಸ್ ಬಂದದ್ದು. ಒಣ ಹವೆಯಲ್ಲಿ ಬೆಳೆದ ಗಾಡಿ, ಒಂದು ಚೂರು ತುಕ್ಕಿರಲಿಲ್ಲ. ಸ್ಟೇರಿಂಗ್ ಎಡಕ್ಕಿದೆ ಅನ್ನುವ ಒಂದೇ ಕಾರಣಕ್ಕೆ ಬಿಟ್ಟುಬಂದೆ. ಅದರಲ್ಲಾಗಿದ್ದರೆ ಅಪ್ಪ ನನ್ನ ಬಲಕ್ಕೆ ಕೂರುತ್ತಿದ್ದರು, ಅವರ ಎಡಗಿವಿ ನನ್ನ ಕಡೆ