ಕ್ಯಾರವಾನಿಗೆ ಮಗಳು ಬಂದಿದ್ದಳು

ಮನೆ ಮಾರಿ ಕ್ಯಾರವಾನಿನಲ್ಲೇ, ಅಂದರೆ ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆಯಲ್ಲೇ, ಇದ್ದುಬಿಡುತ್ತೇವೆ ಅಂದಾಗ ನೆಂಟರಿಷ್ಟರೆಲ್ಲ ವಿಚಾರಿಸಿದ್ದು ನೀರು, ಶೌಚ, ಕಳ್ಳಕಾಕರ ಬಗ್ಗೆ. ಮಗಳು ಮಾತ್ರ ಏನೂ ಕೇಳಲಿಲ್ಲ. "ನಿಮ್ಮಿಷ್ಟ ಅಮ್ಮ" ಅಂದು ಫೋನ್ ಇಟ್ಟಳು. ಅವಳಿಗದು ಹಿಡಿಸಿಲ್ಲ ಅಂತ ಗೊತ್ತಾಯಿತು. ಕೆದಕಲಿಲ್ಲ.

ನಮ್ಮ ಲೆಕ್ಕಾಚಾರ ಸರಳ. ಮನೆಗೆ ಚಕ್ರ ಇದ್ದಮೇಲೆ ಮಕ್ಕಳನ್ನು ನೋಡಬೇಕು ಅನ್ನಿಸಿದಾಗ ಅವರಿರುವ ಕಡೆಗೇ ಎಳೆದುಕೊಂಡು ಹೋದರಾಯಿತು. ಹೋದೆವು ಕೂಡ. ಹಗಲೆಲ್ಲ ಮೊಮ್ಮಗನ ಜೊತೆ ಇದ್ದು, ರಾತ್ರಿ ನಮ್ಮ ಹಾಸಿಗೆಗೆ ನಾವು ವಾಪಸ್. ಅಳಿಯಂದಿರು ನಿರಾಳವಾಗಿ ಕಾಲು ಚಾಚಿ ಟಿವಿ ನೋಡಬಹುದು, ನಾನು ನಿರಾಳವಾಗಿ ಗೊರಕೆ ಹೊಡೆಯಬಹುದು. ಬೀಗರ ಮನೆಯಲ್ಲಿ ಉಳಿದು ಸುಸ್ತಾದವರು ಯಾರಾದರೂ ಇದ್ದರೆ ಇದನ್ನು ಖಂಡಿತ ಶಿಫಾರಸು ಮಾಡುತ್ತೇನೆ.

ಆದರೆ ಆ ಸಲ ಅವಳೇ ಮಗುವನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಜೊತೆಗೆ ಮಳೆಯೂ ಬಂತು.

ಬಿಸಿಲಿದ್ದರೆ ಕ್ಯಾರವಾನ್ ದೊಡ್ಡದು, ಹೊರಗಿನ ಜಾಗವೆಲ್ಲ ನಮ್ಮದೇ. ಮಳೆ ಹಿಡಿದರೆ ಮುಗಿಯಿತು. ಊಟದ ಮೇಜಿನ ಕಾಲು ಮಡಚಿ, ಹಲಗೆಯನ್ನು ಎರಡು ಬೆಂಚುಗಳ ನಡುವೆ ಕೂರಿಸಿ, ಒರಗುವ ದಿಂಬುಗಳನ್ನು ಮೇಲೆ ಜೋಡಿಸಿದರೆ ಅದೇ ಅವರಿಬ್ಬರ ಮಂಚ. ಎಂಟಕ್ಕೆ ಮಗು ಮಲಗಿತೆಂದರೆ ದೊಡ್ಡವರು ಕೂರುವುದಕ್ಕೆ ಜಾಗವಿಲ್ಲ, ಮಾತೆಲ್ಲ ಪಿಸುಪಿಸು. ನೀರಿನ ಟ್ಯಾಂಕು 40 ಲೀಟರಿನದು, ಮನೆಯ ಅಭ್ಯಾಸದಲ್ಲಿ ಒಬ್ಬರು ಸ್ನಾನ ಮಾಡಿದರೆ ತಳ ಕಾಣುತ್ತದೆ. ನಲ್ಲಿ ತಿರುಗಿಸಿದಾಗ ಪಂಪು ಗುರ್ ಅನ್ನುವುದನ್ನು ಕೇಳುವುದೇ ಮೊಮ್ಮಗನಿಗೆ ಆಟ. ಬೆಳಗ್ಗೆ ಎದ್ದರೆ ನಾಲ್ಕು ಜನರ ಉಸಿರೆಲ್ಲ ಗಾಜಿನ ಮೇಲೆ ನೀರಾಗಿ ಇಳಿಯುತ್ತಿತ್ತು. ಹಾಸಿಗೆ ಎತ್ತಿ ನೋಡಿದರೆ ಅದರಡಿಯೂ ತೇವ. ಗಾಳಿಗಿಂಡಿ ಮುಚ್ಚಬೇಡ ಅಂತ ನಾನು, ಮಗುವಿಗೆ ಚಳಿ ಅಂತ ಅವಳು.

ಅಂಥದ್ದರಲ್ಲಿ ಅವಳು ನಮಗೆಂದು ತಂದ ಉಣ್ಣೆ ರಗ್ಗನ್ನು ಬಿಚ್ಚಿದಳು. ಇವರು ಕೈಯಲ್ಲಿ ತೂಗಿ ನೋಡಿ, "ಎಷ್ಟು ಕೆಜಿ ಬರುತ್ತೆ ಇದು?" ಅಂದರು. ಕ್ಯಾರವಾನಿನಲ್ಲಿ ಬದುಕುವವರಿಗೆ ಇದು ಸಹಜ ಪ್ರಶ್ನೆಯೇ. ಗಾಡಿಗೆ ಇಂತಿಷ್ಟೇ ತೂಕ ಅಂತ ತಯಾರಿಸಿದವರೇ ಗೊತ್ತುಮಾಡಿ ಫಲಕ ಹಚ್ಚಿರುತ್ತಾರೆ, ಅದನ್ನು ಮೀರಿದರೆ ಟೈರಿಗೂ ಬ್ರೇಕಿಗೂ ಒಳ್ಳೆಯದಲ್ಲ. ಹೊರಡುವ ಮುಂಚೆ ನೀರು ಚೆಲ್ಲುವವರು ನಾವು. ಮಗಳಿಗೆ ಅದೆಲ್ಲ ಯಾಕೆ ಗೊತ್ತಿರಬೇಕು? ಮುಖ ಸಣ್ಣದಾಯಿತು. ಎದ್ದುಹೋಗಿ ಧಡಾರನೆ ಹಾಕಿಕೊಳ್ಳಲು ಒಂದು ಬಾಗಿಲೂ ಇರಲಿಲ್ಲ ಪಾಪ.

ಅಷ್ಟರಲ್ಲಿ ಟಾಯ್ಲೆಟ್ಟಿನ ಕೆಂಪು ದೀಪ ಹತ್ತಿತು. ಹೊಲಸೆಲ್ಲ ಸೇರುವ, ಹೊರಗೆಳೆದು ತೆಗೆಯುವ ಡಬ್ಬಿಗೆ ಕ್ಯಾಸೆಟ್ ಅನ್ನುತ್ತಾರೆ. ಅದು ತುಂಬಿತು ಅಂತ ಅರ್ಥ. ಅದರಲ್ಲಿ ಹಿಡಿಸುವುದು 18 ಲೀಟರ್, ನಾಲ್ಕು ಜನರಿದ್ದರೆ ತುಂಬಲು ಎಷ್ಟು ಹೊತ್ತು? ಅದನ್ನು ಖಾಲಿ ಮಾಡುವುದು ಇವರ ಕೆಲಸ. ಆವತ್ತು ನಾನೇ ಎಳೆದುಕೊಂಡು ಹೊರಟೆ. ಕೊಡೆ ಹಿಡಿದು ಮಗಳೂ ಬಂದಳು.

ದಾರಿಯಲ್ಲಿ ಶುರುಮಾಡಿದಳು. "ನೀವಿಬ್ರೂ ನನ್ನ ನೋಡೋಕೆ ಬರ್ತೀರಿ, ಇಲ್ಲ ಅನ್ನಲ್ಲ. ಆದ್ರೆ ನಾನು ಬರೋಕೆ ಒಂದು ಜಾಗ ಇತ್ತಲ್ಲಮ್ಮ, ಅದನ್ನ ಮಾರಿಬಿಟ್ರಿ. ಅವರ ಜೊತೆ ಜಗಳ ಆಡಿ ಎದ್ದು ಬರ್ತೀನಿ ಅಂದ್ರೆ, ಮೊದಲು ನೀವು ಎಲ್ಲಿದ್ದೀರಿ ಅಂತ ಫೋನ್ ಮಾಡಿ ಕೇಳ್ಬೇಕು."

ನಾನು ಕ್ಯಾಸೆಟ್ಟಿನ ಮುಚ್ಚಳ ತೆಗೆದು ಸುರಿಯುತ್ತಿದ್ದೆ. ಗಾಳಿ ಬಿಡುವ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಗಳಗಳ ಅಂತ ಮೈಮೇಲೆಲ್ಲ ಸಿಡಿಯುತ್ತದೆ. ಹಾಗಾಗಿ ಅಪ್ಪಿಕೊಳ್ಳುವುದೂ ಆಗಲಿಲ್ಲ, ತಿರುಗಿ ನೋಡುವುದೂ ಆಗಲಿಲ್ಲ. ಅವಳು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೂಗು ಹಿಡಿದುಕೊಂಡೇ ಉಳಿದಿದ್ದನ್ನೆಲ್ಲ ಹೇಳಿ ಮುಗಿಸಿದಳು. ಮೂಗು ಮುಚ್ಚಿದ ದನಿಯಲ್ಲಿ ದೂರು ಕೇಳಿ ನನಗೆ ನಗು ಬಂತು. ನಾನು ನಕ್ಕಿದ್ದಕ್ಕೆ ಅವಳಿಗೆ ಸಿಟ್ಟು, ಆಮೇಲೆ ಅವಳಿಗೂ ನಗು.

ಮನೆಯನ್ನು ವಾಪಸ್ ಕೊಳ್ಳುವುದು ಆಗದ ಮಾತು, ಕೊಳ್ಳುವ ಮನಸ್ಸೂ ನಮಗಿಲ್ಲ. ಆದರೆ ಅವಳಂದಿದ್ದು ನಿಜ. ಹೋಗಿ ನೋಡುವುದನ್ನು ಚಕ್ರ ಸುಲಭ ಮಾಡುತ್ತದೆ, ಬರುವವರಿಗೆ ಮಾತ್ರ ನಿಂತ ಜಾಗ ಬೇಕು. ಈಗ ಶಾಲೆಗೆ ರಜೆ ಬಂದಾಗಲೆಲ್ಲ ಒಂದೇ ಕ್ಯಾಂಪಿನಲ್ಲಿ ತಂಗುತ್ತೇವೆ, ರಜೆ ಮುಗಿಯುವ ತನಕ ಕದಲುವುದಿಲ್ಲ. ಅವರಿಗೆ ಪಕ್ಕದಲ್ಲೇ ಬಾಗಿಲಿರುವ ಕ್ಯಾಬಿನ್. ನಾವೆಲ್ಲಿದ್ದೇವೆ ಅನ್ನುವುದು ಅವಳ ಫೋನಿನ ಮ್ಯಾಪಿನಲ್ಲಿ ಸದಾ ಕಾಣುತ್ತದೆ. "ನಾವೇನು ತಪ್ಪಿಸಿಕೊಂಡು ಓಡಾಡ್ತಿದ್ದೀವಾ?" ಅಂತ ಇವರು ಗೊಣಗಿ, ಕೊನೆಗೆ ತಾವೇ ಅದನ್ನು ಹಾಕಿಕೊಟ್ಟರು. ರಾತ್ರಿ ಎಲ್ಲಿ ನಿಲ್ಲಿಸಬೇಕು ಅನ್ನುವಾಗ ಇವರು ನೆರಳು ನೋಡಿದರೆ ನಾನು ಸಿಗ್ನಲ್ ನೋಡುತ್ತೇನೆ.

ರಗ್ಗು ನಮ್ಮ ಹತ್ತಿರವೇ ಇದೆ. ಅದರ ತೂಕಕ್ಕೆ ಸರಿಹೊಂದಲಿ ಅಂತ ಇವರು ಟೂಲ್ ಬಾಕ್ಸಿನಿಂದ ದೊಡ್ಡ ದೊಡ್ಡ ಸ್ಪ್ಯಾನರುಗಳನ್ನೆಲ್ಲ ಇಳಿಸಿದರು. ಎಸೆಯಲು ಮನಸ್ಸು ಬಾರದೆ, ಎಲ್ಲವನ್ನೂ ಕಟ್ಟಿ ಮಗಳ ಮನೆಗೆ ಕಳಿಸಿದ್ದಾರೆ. ಎಲ್ಲಿಡಲಿ ಇದನ್ನೆಲ್ಲ ಅಂತ ಈಗ ಅವಳ ಗೋಳು.