ನಾಲ್ಕು ಹುಡುಗರನ್ನು ಹಿಡಿಯೋಕೆ ಇಪ್ಪತ್ತು ತಿಂಗಳು ಯಾಕೆ ಬೇಕಾಯ್ತು?

ಮೆಲ್ಬರ್ನ್‌ಗೆ ಬಂದ ನೆಂಟರು, ಸ್ನೇಹಿತರು ಇಲ್ಲಿನ ಸ್ಟೇಟ್ ಲೈಬ್ರರಿಯಲ್ಲಿ ನೆಡ್ ಕೆಲ್ಲಿ ಎಂಬ ಹಳೇ ಕಾಲದ ದರೋಡೆಕೋರನ ಕಬ್ಬಿಣದ ಕವಚ ನೋಡುತ್ತಾರೆ. ನೋಡಿದ ಮೇಲೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಮೊದಲನೆಯದು, ಇವನು ಒಳ್ಳೆಯವನೋ ಕೆಟ್ಟವನೋ ಅಂತ. ಅದಕ್ಕೆ ಇಲ್ಲಿನವರೇ ನೂರನಲವತ್ತು ವರ್ಷದಿಂದ ಜಗಳ ಆಡುತ್ತಿದ್ದಾರೆ, ನಾನು ಬಾಯಿ ಹಾಕುವುದಿಲ್ಲ. ಎರಡನೆಯದು, ಅವನ ಗುಂಪಲ್ಲಿ ನಾಲ್ಕೇ ನಾಲ್ಕು ಜನ, ಎದುರಿಗೆ ಇಡೀ ವಿಕ್ಟೋರಿಯಾದ ಪೊಲೀಸ್ ಪಡೆ, ಆದರೂ ಹಿಡಿಯಲು ಇಪ್ಪತ್ತು ತಿಂಗಳು ಯಾಕೆ ಬೇಕಾಯಿತು? ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇದೆ. ಇದೇ ಪ್ರಶ್ನೆಯನ್ನು 1881ರಲ್ಲಿ ಸರ್ಕಾರವೇ ಕೇಳಿ, ಒಂದು ರಾಯಲ್ ಕಮಿಷನ್ (ಸರ್ಕಾರಿ ವಿಚಾರಣಾ ಆಯೋಗ) ಕೂರಿಸಿ, ಪೊಲೀಸರ ಮಾನ ಪೊಲೀಸರ ಬಾಯಿಂದಲೇ ಹರಾಜು ಹಾಕಿಸಿತು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕೆಲ್ಲಿಗಳು ಐರಿಷ್ ಕ್ಯಾಥೊಲಿಕ್ ಬಡವರು. ಅಪ್ಪ ಐರ್ಲೆಂಡಿನಿಂದ ಕೈದಿಯಾಗಿ ಹಡಗು ಹತ್ತಿ ಬಂದವನು. ಈಶಾನ್ಯ ವಿಕ್ಟೋರಿಯಾದ ಗ್ರೆಟಾ ಹತ್ತಿರ ಮನೆ. ಕುದುರೆ ಕಳ್ಳತನದ ಕೇಸುಗಳು ಇದ್ದವು, ಸುಮ್ನೆ ಹುಟ್ಟಿಸಿದ್ದು ಅಂತ ನಾನು ಹೇಳಲಾರೆ. 1878ರ ಏಪ್ರಿಲ್‌ನಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಕಾನ್‌ಸ್ಟೇಬಲ್ ನೆಡ್‌ನ ತಮ್ಮ ಡ್ಯಾನ್‌ನನ್ನು ಹಿಡಿಯಲು ಒಬ್ಬನೇ ಅವರ ಮನೆಗೆ ಹೋದ. ಅಲ್ಲಿ ಗಲಾಟೆ ಆಯಿತು. ನೆಡ್ ನನ್ನ ಮಣಿಕಟ್ಟಿಗೆ ಗುಂಡು ಹೊಡೆದ ಅಂತ ಅವನು ದೂರು ಕೊಟ್ಟ. ನೆಡ್, ಡ್ಯಾನ್ ಕಾಡು ಸೇರಿದರು. ಅವರ ತಾಯಿ ಎಲೆನ್‌ಗೆ ಕಂಕುಳಲ್ಲಿ ಕೂಸು ಇರುವಾಗಲೇ ಮೂರು ವರ್ಷ ಜೈಲಾಯಿತು. ಆಮೇಲೆ ಅಕ್ಟೋಬರ್ 26ರಂದು ಸ್ಟ್ರಿಂಗಿಬಾರ್ಕ್ ಕ್ರೀಕ್ ಎಂಬಲ್ಲಿ, ಇವರನ್ನು ಹುಡುಕುತ್ತಾ ಬಂದಿದ್ದ ನಾಲ್ವರು ಪೊಲೀಸರಲ್ಲಿ ಮೂವರು, ಕೆನಡಿ, ಲೋನಿಗನ್, ಸ್ಕ್ಯಾನ್ಲನ್, ಇವರ ಗುಂಡಿಗೆ ಸತ್ತರು. ನಾಲ್ಕನೆಯವ ಮ್ಯಾಕಿಂಟೈರ್ ಕುದುರೆ ಹತ್ತಿ ತಪ್ಪಿಸಿಕೊಂಡ. ಜೋ ಬರ್ನ್, ಸ್ಟೀವ್ ಹಾರ್ಟ್ ಇಬ್ಬರೂ ಸೇರಿ ಗುಂಪು ನಾಲ್ಕಾಯಿತು. ಇವರು ಯಾರ ಕಣ್ಣಿಗೆ ಬಿದ್ದರೂ ಅವರು ಇವರ ಮೇಲೆ ಗುಂಡು ಹಾರಿಸಬಹುದು ಅಂತ ಹೊಸ ಕಾನೂನೇ ಬಂತು.

ಇಲ್ಲಿಂದ ಬೆನ್ನಟ್ಟುವಿಕೆ ಶುರು. ಶುರುವಿನಲ್ಲೇ ಎಡವಟ್ಟು.

ಕೊಲೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ನವೆಂಬರ್ ಮೊದಲಲ್ಲಿ ಈ ನಾಲ್ವರು ವಾಂಗರಟಾ ಊರಿನ ರೈಲ್ವೆ ಸೇತುವೆ ಕೆಳಗಿಂದ ಬೆಳಗಿನ ಜಾವ ಕುದುರೆಗಳ ಸಮೇತ ದಾಟಿಹೋದರು. ನೋಡಿದವರಿದ್ದರು, ಸುದ್ದಿ ಠಾಣೆಗೂ ಹೋಯಿತು. ಅಲ್ಲಿದ್ದ ಇನ್‌ಸ್ಪೆಕ್ಟರ್ ಬ್ರೂಕ್ ಸ್ಮಿತ್ ಮಾತ್ರ ಅವಸರ ಪಡಲಿಲ್ಲ. ಕೊನೆಗೆ ಹೊರಟಾಗ ಪೊಲೀಸರದೇ ಒಂದು ಕುದುರೆ ದಾರಿಯಲ್ಲಿ ಬಿಟ್ಟುಹೋಗಿದ್ದು ಸಿಕ್ಕಿತು, ಹೆಜ್ಜೆ ಗುರುತೂ ಸಿಕ್ಕಿತು, ಆದರೂ ಸಾಹೇಬರು ನಿಧಾನವೇ ಪ್ರಧಾನ ಅಂದುಕೊಂಡರು. ಕಮಿಷನ್ ಮುಂದೆ ಇದೆಲ್ಲ ಅವರ ಕೈಕೆಳಗಿನವರೇ ಹೇಳಿದರು. ಓದುವಾಗ ನಗು ಬರುತ್ತದೆ, ಆದರೆ ಆಗಷ್ಟೇ ಮೂವರು ಸಹೋದ್ಯೋಗಿಗಳು ಸತ್ತಿದ್ದರು ಅನ್ನುವುದು ನೆನಪಾದರೆ ನಗು ನಿಲ್ಲುತ್ತದೆ.

ಮುಂದಿನ ಮೂರು ತಿಂಗಳಲ್ಲಿ ಗುಂಪು ಎರಡು ಬ್ಯಾಂಕ್ ದೋಚಿತು. ಡಿಸೆಂಬರ್‌ನಲ್ಲಿ ಯುರೋವಾ. 1879ರ ಫೆಬ್ರುವರಿಯಲ್ಲಿ ಗಡಿಯಾಚೆ ನ್ಯೂ ಸೌತ್ ವೇಲ್ಸ್‌ನ ಜೆರಿಲ್ಡರಿ. ಜೆರಿಲ್ಡರಿಯಲ್ಲಂತೂ ಪೊಲೀಸರನ್ನು ಅವರದೇ ಲಾಕಪ್‌ಗೆ ಹಾಕಿ, ಅವರ ಯೂನಿಫಾರ್ಮ್ ಹಾಕಿಕೊಂಡು ಊರಲ್ಲಿ ಓಡಾಡಿದರು. ತಲೆಗಳ ಮೇಲಿನ ಬಹುಮಾನ ಎರಡೂ ಸರ್ಕಾರ ಸೇರಿ 8,000 ಪೌಂಡ್‌ಗೆ ಏರಿತು. ಆ ಕಾಲಕ್ಕೆ ಅದು ಒಂದು ಮನೆತನ ತಲೆಮಾರುಗಟ್ಟಲೆ ಕೂತು ತಿನ್ನುವ ದುಡ್ಡು. ಹಿಡಿದುಕೊಟ್ಟು ಅದನ್ನು ತಗೊಳ್ಳಲು ಯಾರೂ ಮುಂದೆ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದಕ್ಕೆ ಪೊಲೀಸರ ಒಂದು ಜಾಣತನವನ್ನು ಹೇಳಲೇಬೇಕು. 1879ರ ಜನವರಿಯಲ್ಲಿ ಕೆಲ್ಲಿಗಳ ಪರ ಇದ್ದಾರೆ ಅನ್ನುವ ಅನುಮಾನದ ಮೇಲೆ ಇಪ್ಪತ್ತಕ್ಕೂ ಜಾಸ್ತಿ ಜನರನ್ನು ಹಿಡಿದು ಒಳಗೆ ಹಾಕಿದರು. ಸಾಕ್ಷಿ ಇರಲಿಲ್ಲ. ವಾರಕ್ಕೊಮ್ಮೆ ಬೀಚ್‌ವರ್ತ್ ಕೋರ್ಟಿಗೆ ಕರೆತರುವುದು, ಇನ್ನೊಂದು ವಾರ ಟೈಮ್ ಕೊಡಿ ಅನ್ನುವುದು, ವಾಪಸ್ ಜೈಲಿಗೆ. ಹೀಗೇ ಏಪ್ರಿಲ್‌ವರೆಗೂ ನಡೆಯಿತು. ಅದು ಕೊಯ್ಲಿನ ಕಾಲ. ಹೊಲದಲ್ಲಿ ಪೈರು ನಿಂತಿರುವಾಗ ಮನೆಯ ಗಂಡಸನ್ನು ಎಳೆದೊಯ್ದರೆ ಆ ಮನೆಯವರು ಆಮೇಲೆ ಪೊಲೀಸರಿಗೆ ದಾರಿ ತೋರಿಸುತ್ತಾರಾ? ಜೆರಿಲ್ಡರಿ ದರೋಡೆ ಆದಾಗ ಈ ಜನ ಒಳಗೇ ಇದ್ದರು. ಅಂದರೆ ಇವರನ್ನು ಹಿಡಿದಿಟ್ಟಿದ್ದರಿಂದ ಗುಂಪಿಗೆ ಏನೂ ತೊಂದರೆ ಆಗಲಿಲ್ಲ.

ಆದರೆ ನನ್ನ ಉತ್ತರದ ಮುಖ್ಯ ಭಾಗ ಜನರ ಬೆಂಬಲ ಅಲ್ಲ. ಅದನ್ನು ಎಲ್ಲರೂ ಹೇಳುತ್ತಾರೆ. ಕಮಿಷನ್ ಬಯಲು ಮಾಡಿದ್ದು ಇನ್ನೊಂದನ್ನು: ಮೇಲಧಿಕಾರಿಗಳು ಕೆಲ್ಲಿಯನ್ನು ಹಿಡಿಯುವುದಕ್ಕಿಂತ ಒಬ್ಬರನ್ನೊಬ್ಬರು ಬೀಳಿಸುವುದರಲ್ಲಿ ಮುಳುಗಿದ್ದರು.

ತಲೆಯಲ್ಲಿ ಚೀಫ್ ಕಮಿಷನರ್ ಕ್ಯಾಪ್ಟನ್ ಸ್ಟ್ಯಾಂಡಿಶ್. ಕುದುರೆ ರೇಸು, ಮೆಲ್ಬರ್ನ್ ಕ್ಲಬ್ಬು, ಇವೆರಡರ ಪ್ರೀತಿ ಜಾಸ್ತಿ. ಅವರಿಗೆ ಸೂಪರಿಂಟೆಂಡೆಂಟ್ ಹೇರ್ ಅಂದರೆ ಇಷ್ಟ, ಅಸಿಸ್ಟೆಂಟ್ ಕಮಿಷನರ್ ನಿಕೋಲ್ಸನ್ ಅಂದರೆ ಆಗದು. ಇಬ್ಬರ ದಾರಿಯೂ ಬೇರೆ ಬೇರೆ. ಹೇರ್ ಕುದುರೆ ಪಡೆ ಕಟ್ಟಿಕೊಂಡು ಬೆಟ್ಟಗಳಲ್ಲಿ ಹುಡುಕುವವರು. ಜೋ ಬರ್ನ್‌ನ ತಾಯಿಯ ಮನೆ ಮೇಲೆ ಕಣ್ಣಿಡಲು ಗುಡ್ಡದಲ್ಲಿ ರಾತ್ರಿಗಟ್ಟಲೆ ತಾವೇ ಮಲಗಿದ್ದರು, ಆ ಮುದುಕಿಗೆ ಅದೂ ಗೊತ್ತಾಗಿಹೋಯಿತು. ನಿಕೋಲ್ಸನ್ ಸದ್ದಿಲ್ಲದೆ ಗುಪ್ತಚರರನ್ನು ಇಟ್ಟು ಕಾಯುವವರು. ಎರಡರಲ್ಲಿ ಯಾವುದನ್ನೇ ಆದರೂ ಕೊನೆಮುಟ್ಟ ಮಾಡಿದ್ದರೆ ಕೆಲಸ ಆಗುತ್ತಿತ್ತೇನೋ. ಮಾಡಲಿಲ್ಲ. ಮೊದಲು ನಿಕೋಲ್ಸನ್, ಆಮೇಲೆ ಹೇರ್, ಮತ್ತೆ ನಿಕೋಲ್ಸನ್, 1880ರ ಜೂನ್‌ನಲ್ಲಿ ಮತ್ತೆ ಹೇರ್. ಒಬ್ಬರು ಬಂದಾಗಲೆಲ್ಲ ಹಿಂದಿನವರ ಏರ್ಪಾಡು ಮೂಲೆಗೆ.

ಆ ಕೊನೆಯ ಚಾರ್ಜ್ ವಹಿಸಿಕೊಡುವ ಪ್ರಸಂಗ ನನಗೆ ಬಹಳ ಇಷ್ಟ. ನಿಕೋಲ್ಸನ್ ನನ್ನ ಜೊತೆ ಹತ್ತು ನಿಮಿಷ ಮಾತಾಡಿದರು ಅಷ್ಟೇ, ಉಪಯೋಗಕ್ಕೆ ಬರುವ ಒಂದು ಮಾಹಿತಿಯನ್ನೂ ಕೊಡಲಿಲ್ಲ ಅಂತ ಹೇರ್ ದೂರಿದರು. ಇಲ್ಲ, ಎಲ್ಲ ಹೇಳಿದ್ದೇನೆ ಅಂತ ನಿಕೋಲ್ಸನ್. ಹತ್ತು ನಿಮಿಷವೋ ಇನ್ನೂ ಜಾಸ್ತಿಯೋ ಅಂತ ಕಮಿಷನ್ ಮುಂದೆ ದೊಡ್ಡವರಿಬ್ಬರೂ ಹಗ್ಗ ಜಗ್ಗಿದರು. ಇದರಲ್ಲಿ ಮುಚ್ಚಿಹೋಗಬಾರದ ಒಂದು ವಿಷಯ ಇದೆ. ಅದರ ಹಿಂದಿನ ತಿಂಗಳು, ಮೇನಲ್ಲಿ, ನಿಕೋಲ್ಸನ್‌ರ ಒಬ್ಬ ಗುಪ್ತಚರ, ರೋಗ ಬಂದ ದನಗಳ ವಿಚಾರ ಬರೆಯುವವನಂತೆ ಗುಟ್ಟಿನ ಭಾಷೆಯಲ್ಲಿ ಕಾಗದ ಬರೆಯುತ್ತಿದ್ದವನು, ನೇಗಿಲಿನ ಕಬ್ಬಿಣ ಕದ್ದು ಅಂಗಿಯ ಹಾಗೆ ಮಾಡಿಕೊಳ್ಳುತ್ತಿದ್ದಾರೆ, ಚೆನ್ನಾಗಿ ಕೂತಿದೆ, ಹತ್ತು ಗಜದಿಂದ ಗುಂಡು ಹೊಡೆದರೂ ತಡೆಯುತ್ತದೆ ಅಂತ ತಿಳಿಸಿದ್ದ. ಹೇರ್ ಇದನ್ನು ನಂಬಲಿಲ್ಲ. ಆ ಗುಪ್ತಚರನನ್ನೇ ಕೆಲಸದಿಂದ ಬಿಡಿಸಿದರು. ಒಂದು ತಿಂಗಳೂ ಆಗಲಿಲ್ಲ, ಆ ಅಂಗಿ ತೊಟ್ಟವರು ಗ್ಲೆನ್‌ರೋವನ್ ಎಂಬ ಊರಲ್ಲಿ ಹೇರ್ ಎದುರೇ ಬಂದು ನಿಂತರು. ಮೊದಲ ಸುತ್ತಿನ ಗುಂಡಿಗೇ ಹೇರ್ ಅವರ ಮಣಿಕಟ್ಟು ಒಡೆಯಿತು, ಅವರು ಬೇಗನೇ ಜಾಗ ಬಿಟ್ಟರು. ನಾವು ಲೈಬ್ರರಿಯಲ್ಲಿ ಫೋಟೋ ತೆಗೆಸಿಕೊಳ್ಳುವುದು ಇದೇ ಕವಚದ ಜೊತೆ. ತೂಕ ಸುಮಾರು 44 ಕೆಜಿ.

ಹಾಗಾದರೆ ಕೊನೆಗೆ ಗುಂಪು ಸಿಕ್ಕಿದ್ದು ಹೇಗೆ? ಇದೂ ಪೊಲೀಸರ ಜಾಣತನದಿಂದ ಅಲ್ಲ.

ಏರನ್ ಷೆರಿಟ್ ಅಂತ ಜೋ ಬರ್ನ್‌ನ ಬಾಲ್ಯದ ಗೆಳೆಯ, ಪೊಲೀಸರಿಗೆ ಮಾಹಿತಿ ಕೊಡುತ್ತಿದ್ದ. ಅವನ ಗುಡಿಸಲಲ್ಲಿ ಕಾವಲಿಗೆ ನಾಲ್ವರು ಕಾನ್‌ಸ್ಟೇಬಲ್‌ಗಳಿದ್ದರು. 1880ರ ಜೂನ್ 26, ಶನಿವಾರ ಸಂಜೆ, ಜೋ ಬಾಗಿಲು ತಟ್ಟಿಸಿ ಗೆಳೆಯನನ್ನು ಅಲ್ಲೇ ಕೊಂದ. ನಾಲ್ವರು ಪೊಲೀಸರು ಒಳಗಿನ ಕೋಣೆಯಲ್ಲಿದ್ದರು, ಹೊರಗೆ ಬರಲಿಲ್ಲ. ರಾತ್ರಿಯಿಡೀ ಬರಲಿಲ್ಲ. ಕೆಲ್ಲಿಯ ಲೆಕ್ಕ ಬೇರೆ ಇತ್ತು: ಕೊಲೆ ಸುದ್ದಿ ಕೂಡಲೇ ಹೋಗುತ್ತದೆ, ಆ ರಾತ್ರಿಯೇ ಪೊಲೀಸರ ವಿಶೇಷ ರೈಲು ಧಾವಿಸಿ ಬರುತ್ತದೆ, ಗ್ಲೆನ್‌ರೋವನ್ ದಾಟಿದ ಮೇಲೆ ಕಿತ್ತಿಟ್ಟ ಹಳಿಯಲ್ಲಿ ರೈಲು ಉರುಳುತ್ತದೆ. ಆದರೆ ನಾಲ್ವರು ಹೆದರಿ ಕೂತಿದ್ದರಿಂದ ಸುದ್ದಿ ಬೀಚ್‌ವರ್ತ್ ಮುಟ್ಟಿದ್ದೇ ಭಾನುವಾರ ಮಧ್ಯಾಹ್ನ. ಮೆಲ್ಬರ್ನ್‌ನಿಂದ ರೈಲು ಹೊರಟಿದ್ದು ರಾತ್ರಿ ಹತ್ತರ ಮೇಲೆ. ಅಷ್ಟು ಹೊತ್ತೂ ಕೆಲ್ಲಿ ಗುಂಪು ಸುಮಾರು ಅರವತ್ತು ಜನ ಒತ್ತೆಯಾಳುಗಳನ್ನು ಒಂದು ಸಣ್ಣ ಹೋಟೆಲಿನಲ್ಲಿ ಇಟ್ಟುಕೊಂಡು, ಕುಡಿಸಿ, ಕುಣಿಸಿ, ನಿದ್ದೆಗೆಟ್ಟು ಕಾಯಿತು. ಆ ಕಾಯುವಿಕೆಯಲ್ಲೇ ಶಾಲೆಯ ಮೇಷ್ಟ್ರು ಥಾಮಸ್ ಕರ್ನೋ ನೆಡ್‌ನ ನಂಬಿಕೆ ಗಳಿಸಿ ಮನೆಗೆ ಹೋಗಲು ಅನುಮತಿ ಪಡೆದರು. ಮನೆಗೆ ಹೋಗಿ, ಹೆಂಡತಿ ಬೇಡ ಅಂದರೂ ಕೇಳದೆ, ಮೇಣದ ಬತ್ತಿ ಮತ್ತು ಕೆಂಪು ಬಟ್ಟೆ ಹಿಡಿದು ಹಳಿ ಪಕ್ಕ ನಿಂತು ರೈಲು ನಿಲ್ಲಿಸಿದರು.

ಅಂದರೆ ನಾಲ್ವರು ಕಾನ್‌ಸ್ಟೇಬಲ್‌ಗಳು ಧೈರ್ಯ ಮಾಡಿ ಆ ರಾತ್ರಿಯೇ ಓಡಿ ಸುದ್ದಿ ಕೊಟ್ಟಿದ್ದರೆ, ಕತ್ತಲಲ್ಲಿ ರೈಲು ತುಂಬಾ ಪೊಲೀಸರು ಸಾಯುತ್ತಿದ್ದರೇನೋ! ಇದನ್ನು ಯೋಚಿಸಿದಾಗಲೆಲ್ಲ ನನಗೆ ತಲೆ ಕೆಡುತ್ತದೆ. ಕಮಿಷನ್ ಮಾತ್ರ ಈ ಹೇಡಿತನಕ್ಕೆ ಕ್ಷಮೆ ಇಲ್ಲ ಅಂತ ಅವರನ್ನು ವಜಾ ಮಾಡಲು ಹೇಳಿತು. ಒಬ್ಬ ಆಗಲೇ ರಾಜೀನಾಮೆ ಕೊಟ್ಟು ಹೋಗಿದ್ದ.

ಗ್ಲೆನ್‌ರೋವನ್‌ನಲ್ಲಿ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು, ನೆಡ್ ಗಾಯಗೊಂಡು ಸಿಕ್ಕ, ಉಳಿದ ಮೂವರು ಸತ್ತರು. ಜಾಸ್ತಿ ಹೇಳದ ಭಾಗ ಅಂದರೆ, ಹೋಟೆಲಿನೊಳಗೆ ಹೆಂಗಸರು ಮಕ್ಕಳು ಇದ್ದರೂ ಪೊಲೀಸರು ಗುಂಡು ಸುರಿಸಿದರು, ಹೋಟೆಲಿನ ಒಡತಿ ಆನ್ ಜೋನ್ಸ್‌ಳ ಮಗ ಜಾನ್ ಸತ್ತ, ಕೊನೆಗೆ ಕಟ್ಟಡಕ್ಕೇ ಬೆಂಕಿ ಇಟ್ಟರು, ಮೆಲ್ಬರ್ನ್‌ನಿಂದ ಒಂದು ಫಿರಂಗಿಯೂ ಹೊರಟಿತ್ತು. ನೆಡ್‌ನನ್ನು ನವೆಂಬರ್ 11ರಂದು ಗಲ್ಲಿಗೇರಿಸಿದರು. ಬೇಡ ಅಂತ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು.

ಅವನು ಸತ್ತ ಮೇಲೆ ಕಮಿಷನ್ ಯಾಕೆ ಅಂದರೆ, ನಿಕೋಲ್ಸನ್ ಮತ್ತು ಕ್ವೀನ್ಸ್‌ಲ್ಯಾಂಡ್‌ನಿಂದ ಮೂಲನಿವಾಸಿ ಹೆಜ್ಜೆಗಾರರನ್ನು (ಹೆಜ್ಜೆ ಗುರುತು ನೋಡಿ ಜಾಡು ಹಿಡಿಯುವವರನ್ನು) ಕರೆತಂದಿದ್ದ ಅಧಿಕಾರಿ ಓಕಾನರ್, ತಮ್ಮ ಹೆಸರು ಕೆಡಿಸಿದ್ದಾರೆ, ವಿಚಾರಣೆ ಆಗಲಿ ಅಂತ ಪಟ್ಟು ಹಿಡಿದರು. ಕೇಳಿದ್ದು ಸಿಕ್ಕಿತು. ಫ್ರಾನ್ಸಿಸ್ ಲಾಂಗ್ಮೋರ್ ಎಂಬ ಶಾಸಕರ ಅಧ್ಯಕ್ಷತೆಯಲ್ಲಿ 1881ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ 66 ಸಭೆ, 62 ಸಾಕ್ಷಿಗಳು, ಕೆಲ್ಲಿಗಳ ಊರುಗಳಿಗೇ ಹೋಗಿ ವಿಚಾರಣೆ. ಸ್ಟ್ಯಾಂಡಿಶ್‌ಗೆ ವಿವೇಕವೂ ಇರಲಿಲ್ಲ, ಕೆಲಸದ ಕಾಳಜಿಯೂ ಇರಲಿಲ್ಲ ಅಂತ ಬರೆದರು. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಹೇರ್, ನಿಕೋಲ್ಸನ್ ಇಬ್ಬರೂ ಪಡೆಯಲ್ಲಿ ಇರಬಾರದು, ಇವರ ಜಗಳದಿಂದ ಒಗ್ಗಟ್ಟಿನ ಕೆಲಸವೇ ಆಗಲಿಲ್ಲ ಅಂದರು. ಸೂಪರಿಂಟೆಂಡೆಂಟ್ ಸ್ಯಾಡ್ಲಿಯರ್‌ರನ್ನು ಹಿರಿತನದ ಪಟ್ಟಿಯ ತಳಕ್ಕೆ ತಳ್ಳಲು, ಬ್ರೂಕ್ ಸ್ಮಿತ್‌ರನ್ನು ಪಿಂಚಣಿ ಕೊಟ್ಟು ಮನೆಗೆ ಕಳಿಸಲು ಸಲಹೆ ಕೊಟ್ಟರು. ಆಮೇಲೆ ಹೇರ್ ಮತ್ತು ನಿಕೋಲ್ಸನ್ ಇಬ್ಬರಿಗೂ ಮ್ಯಾಜಿಸ್ಟ್ರೇಟ್ ಹುದ್ದೆ ಸಿಕ್ಕಿತು. ಕಾನ್‌ಸ್ಟೇಬಲ್‌ಗಳಿಗೆ ಮನೆ ದಾರಿ, ಸಾಹೇಬರಿಗೆ ಹೊಸ ಕುರ್ಚಿ!

ಇಷ್ಟು ನಿಷ್ಠುರವಾದ ಕಮಿಷನ್ ಒಂದು ಕಡೆ ಮಾತ್ರ ಕಣ್ಣು ಮುಚ್ಚಿಕೊಂಡಿತು ಅನ್ನುವುದು ನನ್ನ ಅಭಿಪ್ರಾಯ. ಪೊಲೀಸರು ಕೆಲ್ಲಿಗಳಿಗಾಗಲೀ ಅವರ ನೆಂಟರಿಗಾಗಲೀ ಕಿರುಕುಳ ಕೊಟ್ಟರು ಅನ್ನುವುದಕ್ಕೆ ಸಾಕ್ಷಿ ಇಲ್ಲ, ಅವರು ಕರ್ತವ್ಯ ಮಾಡಿದರು ಅಷ್ಟೇ ಅಂತ ವರದಿ ಹೇಳುತ್ತದೆ. ಆದರೆ 1877ರಲ್ಲಿ ಆ ಕಡೆ ತಪಾಸಣೆಗೆ ಹೋಗಿದ್ದ ನಿಕೋಲ್ಸನ್ ಕೊಟ್ಟ ಸೂಚನೆ ಕಮಿಷನ್ ಕೈಯಲ್ಲೇ ಇತ್ತು: ಈ ಜನ ಸಣ್ಣಪುಟ್ಟ ಅಪರಾಧ ಮಾಡಿದರೂ ಬಿಡದೆ, ಶಿಕ್ಷೆ ಎಷ್ಟೇ ಚಿಕ್ಕದಾಗಲಿ, ಪೆಂಟ್ರಿಡ್ಜ್ ಜೈಲಿಗೆ ಕಳಿಸಬೇಕು, ಅವರ ಗತ್ತು ಮುರಿಯಬೇಕು ಅಂತ. ಜನರನ್ನು ಪೀಡಿಸದೆ ಇದನ್ನು ಮಾಡಿ ಅನ್ನುವ ಮಾತೂ ಅದರಲ್ಲಿದೆ, ನಿಜ. ಅದೆರಡೂ ಒಟ್ಟಿಗೆ ಆಗುತ್ತದಾ? ಫಿಟ್ಜ್‌ಪ್ಯಾಟ್ರಿಕ್‌ನನ್ನು 1880ರಲ್ಲೇ ಪೊಲೀಸ್ ಇಲಾಖೆ ನಾಲಾಯಕ್ ಅಂತ ಹೊರಹಾಕಿತ್ತು. ಅವನ ಮಾತಿನ ಮೇಲೆ ಒಬ್ಬ ತಾಯಿ ಜೈಲಿಗೆ ಹೋಗಿದ್ದಳು. ಇದನ್ನೆಲ್ಲ ಒಂದೇ ಕಡತದಲ್ಲಿ ಇಟ್ಟುಕೊಂಡೂ ಕಿರುಕುಳ ಇರಲಿಲ್ಲ ಅನ್ನಲು ಬಹಳ ಮನಸ್ಸು ಬೇಕು.

ಬಹುಮಾನದ ವಿಷಯ ಬೇರೆ ಮಂಡಳಿಯ ಕೈಯಲ್ಲಿತ್ತು. ಆ 8,000 ಪೌಂಡ್‌ನಲ್ಲಿ ದೊಡ್ಡ ಪಾಲು, 800 ಪೌಂಡ್, ಹೇರ್ ಅವರಿಗೆ. ರೈಲು ಉಳಿಸಿದ ಮೇಷ್ಟ್ರಿಗೆ 550. ಕೆಲ್ಲಿ ನಿಜವಾಗಿ ಹೆದರುತ್ತಿದ್ದ ಮೂಲನಿವಾಸಿ ಹೆಜ್ಜೆಗಾರರಿಗೆ ತಲಾ 50. ಅದನ್ನೂ ಅವರ ಕೈಗೆ ಕೊಡಲಿಲ್ಲ, ದುಡ್ಡು ಬಳಸಲು ಇವರಿಗೆ ತಿಳಿಯದು ಅಂತ ಸರ್ಕಾರಗಳ ವಶಕ್ಕೆ ಕೊಟ್ಟರು.

ಕುತೂಹಲ ಇರುವವರು ವರದಿಗಿಂತ ಅದರ ಹಿಂದಿರುವ ಸಾಕ್ಷಿ ಭಾಗವನ್ನೇ ಓದಿ. ಪ್ರಶ್ನೆಗಳಿಗೆಲ್ಲ ನಂಬರ್ ಇದೆ, ಹುಡುಕುವುದು ಸುಲಭ. ಮೊದಲು ಸ್ಟ್ಯಾಂಡಿಶ್, ಆಮೇಲೆ ನಿಕೋಲ್ಸನ್, ಆಮೇಲೆ ಹೇರ್ ಏನು ಹೇಳಿದರು ಅಂತ ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದೇ ಘಟನೆಗೆ ಮೂರು ಕಥೆ ಸಿಗುತ್ತವೆ.